ಎಡಗಡೆಯ ಸುಕ್ಕು

ಮೂರನೇ ಅಂಗಿಯೂ ಕೈಕೊಟ್ಟಿತು. ಕುತ್ತಿಗೆಯಿಂದ ಎಡಗಂಕುಳಿಗೆ ಓರೆಯಾಗಿ ಇಳಿದ ಅದೇ ಹಾಳು ಸುಕ್ಕನ್ನು ಕನ್ನಡಿಯಲ್ಲಿ ಕಂಡು ಮಗಳ ಮೈಯೆಲ್ಲ ಉರಿಯಿತು. ನಾಳೆ ಹೊಲಿಗೆ ಶಾಲೆಯ ಕೊನೆಯ ಪರೀಕ್ಷೆ. ಅವರವರ ಮೈಗೆ ಅವರವರೇ ಬಟ್ಟೆಯ ಮೇಲೆ ಗೆರೆ ಹಾಕಿ, ಕತ್ತರಿಸಿ, ಹೊಲಿದ ಅಂಗಿ ತೊಟ್ಟು ಟೀಚರ್ ಎದುರು ನಿಲ್ಲಬೇಕು. ಇಂಥ ಸುಕ್ಕು ಕಂಡರೆ ಮುಲಾಜಿಲ್ಲದೆ ಇನ್ನೊಂದು ವರ್ಷ ಕೂರಿಸುತ್ತಾರೆ.

"ಕೊಡೇ ಇಲ್ಲಿ, ಒಂದ್ನಿಮಿಷದಲ್ಲಿ ಸರಿಮಾಡಿ ಕೊಡ್ತೀನಿ," ಎಂದಳು ಅಮ್ಮ, ಬೆಳಗಿನಿಂದ ಹತ್ತನೇ ಸಲ. ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುವ ಕೈ ಅದು. ಮಗಳು ಹುಟ್ಟಿದಾಗಿನಿಂದ ಅಂಗಡಿಯ ಅಂಗಿ ತೊಟ್ಟದ್ದೇ ಇಲ್ಲ.

"ನೀನು ಮುಟ್ಟಿದ್ರೆ ಅದು ನಿನ್ನ ಪರೀಕ್ಷೆ ಆಗುತ್ತಮ್ಮಾ. ಸ್ವಲ್ಪ ಸುಮ್ನಿರು."

ಅಳತೆಯಂತೂ ತಪ್ಪಿರಲಿಲ್ಲ. ತನ್ನ ಬೆನ್ನಿಗೆ ತಾನೇ ಟೇಪು ಹಿಡಿಯಲಾಗದೆ, ಮೈಗೆ ಎರಕ ಹೊಯ್ದಂತೆ ಕೂರುವ ಹಳೆಯ ಹಸಿರು ಅಂಗಿಯಿಂದಲೇ ಅಳತೆ ತೆಗೆದಿದ್ದಳು. ಹಸಿರು ಅಂಗಿ ತೊಟ್ಟರೆ ಸುಕ್ಕಿಲ್ಲ. ಅದರದೇ ಅಳತೆಯ ಹೊಸದು ತೊಟ್ಟರೆ ಸುಕ್ಕು. ಇದೆಂಥ ಗ್ರಹಚಾರ? ಹಲ್ಲು ಕಚ್ಚಿ ಹಸಿರು ಅಂಗಿಯ ಎಡಭುಜದ ಹೊಲಿಗೆಗೇ ಕತ್ತರಿ ಇಟ್ಟಳು.

"ಅದನ್ಯಾಕೆ ಬಿಚ್ತೀಯೇ?" ಅಮ್ಮನ ಮಿಷನ್ನು ತಟ್ಟನೆ ನಿಂತಿತು.

ಲೈನಿಂಗಿನ ಒಳಗೆ ಮೂರು ಪದರ ಮಡಚಿಟ್ಟ ಮೆತ್ತನೆಯ ಬಟ್ಟೆ ಇತ್ತು. ಬಲಭುಜ ಬಿಚ್ಚಿದರೆ ಬರಿದು. ಬೀರುವಿನಿಂದ ಇನ್ನೆರಡು ಅಂಗಿ ಎಳೆದಳು, ತಳದಲ್ಲಿದ್ದ ಶಾಲೆಯ ಯೂನಿಫಾರ್ಮನ್ನೂ ಬಿಡಲಿಲ್ಲ. ಎಲ್ಲದರಲ್ಲೂ ಎಡಕ್ಕೆ ಮಾತ್ರ ಮೆತ್ತೆ. ಯೂನಿಫಾರ್ಮಿನದು ಎರಡೇ ಪದರ.

"ನನ್ನ ಎಡಭುಜ ಇಳಿದಿದ್ಯಾ?"

ಅಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು. "ಒಂಚೂರು. ಮುಕ್ಕಾಲು ಇಂಚು. ಯಾರಿಗೂ ಗೊತ್ತಾಗಲ್ಲ."

"ನನಗೂ ಗೊತ್ತಾಗ್ಲಿಲ್ವಲ್ಲ! ಮೂರು ಬಟ್ಟೆ ಹಾಳು ಮಾಡ್ದೆ. ಟೀಚರ್ ಹತ್ರ ದಡ್ಡಿ ಅನ್ನಿಸ್ಕೊಂಡೆ. ಒಂದು ಮಾತು ಹೇಳೋಕೆ ನಿಂಗೇನಾಗಿತ್ತಮ್ಮಾ?"

"ಹೇಳಿದ್ದಿದ್ರೆ ದಿನಾ ಕನ್ನಡಿ ಮುಂದೆ ಭುಜ ಎತ್ಕೊಂಡು ನಿಲ್ತಿದ್ದೆ. ಇಷ್ಟು ವರ್ಷ ತಲೆ ಎತ್ಕೊಂಡು ನಡೆದೆಯಲ್ಲ, ಅಷ್ಟು ಸಾಕು ಅನ್ಕೊಂಡೆ."

ಮಗಳ ಸಿಟ್ಟು ಇಳಿಯಲಿಲ್ಲ. ಟೇಪನ್ನು ಅಮ್ಮನ ಕೈಗೆ ತುರುಕಿ ಬೆನ್ನು ತಿರುಗಿಸಿ ನಿಂತಳು. "ನೀನು ಅಳತೆ ಮಾತ್ರ ಹಿಡಿದ್ರೆ ಅಡ್ಡಿಯಿಲ್ಲ. ಎರಡೂ ಭುಜ ಬೇರೆ ಬೇರೆ ಹೇಳು. ಈ ಸಲ ಏನೂ ಮುಚ್ಚಿಡ್ಬೇಡ."

ಅಮ್ಮ ಹೇಳಿದಳು. ಮಗಳು ಬರೆದುಕೊಂಡಳು.

ಉಳಿದಿದ್ದ ಕೊನೆಯ ತುಂಡನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಬಟ್ಟೆಯನ್ನು ನಡುವೆ ಮಡಚಿ, ಎರಡು ಪಕ್ಕವನ್ನೂ ಒಟ್ಟಿಗೇ ಕತ್ತರಿಸುವುದು ರೂಢಿ. ಟೀಚರ್ ಕಲಿಸಿದ್ದೂ ಅದೇ, ಅಮ್ಮ ಜೀವಮಾನವೆಲ್ಲ ಮಾಡಿದ್ದೂ ಅದೇ.

"ಮಡಚೋದು ಮರೆತೆಯಲ್ಲೇ," ಎಂದಳು ಅಮ್ಮ.

"ಮರೆತಿಲ್ಲ," ಎಂದು ಮಗಳು ಬಿಡಿಸಿದ ಬಟ್ಟೆಗೇ ಕತ್ತರಿ ಹಾಕಿದಳು, ಎಡಗಡೆಯಿಂದ.