ಚಟ್ಟದ ಆಟ

ಭದ್ರಾವತಿಯ ರೈಲಿನಿಂದ ಶಿವಮೊಗ್ಗದಲ್ಲಿ ಇಳಿದು, ಬೀಗ ಬಿದ್ದ ಕೋಟೆ ಬೀದಿಯನ್ನು ಬಳಸಿಕೊಂಡು, ಊರಾಚೆಯ ಬಯಲಿಗೆ ಬಂದ ಭೈರಪ್ಪನಿಗೆ ಮೊದಲು ಎದುರಾದದ್ದು ಒಂದು ಹೆಣ. ಪ್ಲೇಗಿಗೆ ಹೆದರಿ ಬೀದಿಗೆ ಬೀದಿಯೇ ಈ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ದಿನಗಳು. ಹೆಣ ಕಾಣುವುದು ಹೊಸದೇನಲ್ಲ. ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಹೆಣ ಮೂಗು ಕೆರೆದುಕೊಳ್ಳುತ್ತಿದೆ.

ಚಟ್ಟ ಹೊತ್ತವರು ಬೀದಿಯ ಚಿಳ್ಳೆಪಿಳ್ಳೆಗಳು. ಮಲಗಿದ್ದವನು ಪಕ್ಕದ ಗುಡಿಸಲಿನ ಓಬಯ್ಯನ ಮಗ ವೀರ. ಮುಂದೆ ಒಡಕು ಮಡಕೆ ಹಿಡಿದು ಗಂಭೀರವಾಗಿ ನಡೆಯುತ್ತಿದ್ದವಳು ಭೈರಪ್ಪನ ಮಗಳು ಸರಸ್ವತಿ.

ಅವನ ಪಿತ್ತ ನೆತ್ತಿಗೇರಿತು. ತಂಗಿ ಪುಷ್ಪಮ್ಮ ಇದೇ ಕಾಯಿಲೆಯಲ್ಲಿ ತೀರಿಕೊಂಡು ತಿಂಗಳು ಕಳೆದಿರಲಿಲ್ಲ. ಹೆತ್ತ ತಾಯಿಯ ಮುಖವನ್ನೇ ಕಾಣದ ಸರಸ್ವತಿಯನ್ನು ಸಾಕಿದವಳು ಅವಳೇ. ಮಗುವಿನ ಮುಂದೆ ಸಾವಿನ ಸುದ್ದಿ ಎತ್ತಕೂಡದೆಂದು ಭೈರಪ್ಪ ಎಲ್ಲರಿಗೂ ತಾಕೀತು ಮಾಡಿದ್ದ. "ಅತ್ತೆ ನನ್ನ ಜೊತೆ ಭದ್ರಾವತೀಲಿ ಇದಾಳೆ" ಎಂದು ತಾನೇ ಕತೆ ಕಟ್ಟಿದ್ದ. ಅಂದಿನಿಂದ ಮಗು ಬಾಯಿ ಬಿಟ್ಟಿರಲಿಲ್ಲ. ಕಬ್ಬಿಣದ ಕಾರ್ಖಾನೆಯ ಕೆಲಸ ಮುಗಿಸಿ ಅವನು ಭಾನುವಾರ ಬಂದಾಗಲೆಲ್ಲ ಅವನ ಬೆನ್ನ ಹಿಂದೆ ಒಮ್ಮೆ ನೋಡಿ, ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ತಾಯಿತ ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು, ಯಾವುದೂ ನಾಟಲಿಲ್ಲ.

ಬೇಲಿಯಿಂದ ಕೋಲು ಕಿತ್ತುಕೊಂಡು ಮುನ್ನುಗ್ಗಿದವನ ರಟ್ಟೆಯನ್ನು ಅವನ ತಾಯಿ ಹುಚ್ಚಮ್ಮ ಹಿಡಿದಳು.

"ಹೊಡೀಬೇಡ ಕಣೋ ಭೈರ."

"ಇಂಥ ಅಪಶಕುನದ ಆಟ ಆಡ್ತಾವೆ, ನೋಡ್ತಾ ಕೂತಿದೀಯಲ್ಲವ್ವ?"

"ಶಕುನ ಅಲ್ಲಿರ್ಲಿ ಮಾರಾಯ. ಸ್ವಲ್ಪ ಕಿವಿಗೊಟ್ಟು ಕೇಳು."

"ಇಳಿಸ್ರೋ ಕೆಳಗೆ. ಯಾರೂ ಅಳಬಾರ್ದು. ಡಾಕ್ಟ್ರು ಬಂದ್ರು." ದನಿಯಲ್ಲಿ ಮೊನ್ನೆ ಬಯಲಿಗೆ ಬಂದು ಎಲ್ಲರಿಗೂ ಪ್ಲೇಗಿನ ಸೂಜಿ ಹಾಕಿಹೋದ ಡಾಕ್ಟರ ಗತ್ತೇ ಇತ್ತು. ಅದು ತನ್ನ ಮಗಳ ದನಿಯೆಂದು ತಿಳಿಯಲು ಭೈರಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಸರಸ್ವತಿ ಪೊರಕೆ ಕಡ್ಡಿಯಿಂದ ವೀರನ ತೋಳಿಗೆ ಚುಚ್ಚಿ "ಏಳು" ಎಂದಳು. ಹೆಣ ಎದ್ದು ಚಡ್ಡಿ ಕೊಡವಿಕೊಂಡು, "ಇನ್ನೊಂದ್ಸಲ" ಎಂದಿತು.

ಅಷ್ಟರಲ್ಲಿ ಮಕ್ಕಳ ಕಣ್ಣಿಗೆ ಭೈರಪ್ಪ ಬಿದ್ದ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಬೇಲಿಯ ಹಿಂದಕ್ಕೆ ಓಡಿದರು. ಸರಸ್ವತಿ ಮಾತ್ರ ಕಡ್ಡಿ ಹಿಡಿದು ಅಲ್ಲೇ ನಿಂತಳು. ಅಭ್ಯಾಸದಂತೆ ಅವನ ಬೆನ್ನ ಹಿಂದೆ ನೋಡಿದಳು. ಭೈರಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಕೋಲು ಬಿಸಾಕಿ ಮಣ್ಣಿನಲ್ಲೇ ಕೂತ.

"ಸರಸೂ, ಅತ್ತೆ ಭದ್ರಾವತೀಲಿ ಇಲ್ಲ. ನಾನು ಸುಳ್ಳು ಹೇಳ್ದೆ. ಅತ್ತೆ ಸತ್ತೋದ್ಲು ಮಗಾ."

"ಗೊತ್ತು. ನಾನೇ ಸಾಯ್ಸಿದ್ದು."

"ಏನಂದೆ?"

"ಅಟ್ಟದ ಮೇಲೆ ಇಲಿ ಸತ್ತು ಬಿದ್ದಿತ್ತಲ್ಲ, ನಾನೇ ತೋರ್ಸಿದ್ದು. ಅತ್ತೆ ಅದನ್ನ ಎತ್ತಿ ಬಿಸಾಕಿದ್ಲು. ಆಮೇಲೇ ಜ್ವರ ಬಂದಿದ್ದು."

ಇಷ್ಟು ದಿನ ಈ ಪುಟ್ಟ ಜೀವ ಇಂಥ ಭಾರ ಹೊತ್ತು ತಿರುಗುತ್ತಿದ್ದರೆ, ತಾನು ವಾರವಾರವೂ ಅದರ ಮೇಲೆ ಇನ್ನೊಂದು ಸುಳ್ಳು ಹೇರಿ ಹೋಗುತ್ತಿದ್ದೆನಲ್ಲ. ಕಣ್ಣು ತುಂಬಿ ಬಂತು, ತಡೆಯಲಿಲ್ಲ. ಅಪ್ಪ ಅಳುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಇಲ್ಲಿ ನೋಡು" ಎಂದು ಅವಳ ಭುಜ ಹಿಡಿದು ಗುಡಿಸಲುಗಳ ಕಡೆ ತಿರುಗಿಸಿದ. ಒಲೆಗಳ ಹೊಗೆ ಏಳುತ್ತಿತ್ತು. ಬೇಲಿಯ ಸಂದಿನಿಂದ ವೀರನೂ ಅವನ ಹೆಣ ಹೊತ್ತವರೂ ಇಣುಕುತ್ತಿದ್ದರು. "ಬೀದೀಲಿ ಮೊದಲು ಕಂಡ ಇಲಿ ಅದು. ನೀನು ತೋರ್ಸಿದ್ದಕ್ಕೇ ಇವರೆಲ್ಲ ಬೀಗ ಹಾಕ್ಕೊಂಡು ಇಲ್ಲಿಗೆ ಬಂದ್ರು, ಉಳ್ಕೊಂಡ್ರು. ಅಜ್ಜಿ, ಆ ವೀರ, ಅವರಪ್ಪ, ಎಲ್ಲ ನೀನು ಎಬ್ಬಿಸಿದ ಜನ ಮಗಾ."

ಸರಸ್ವತಿ ಒಂದೊಂದೇ ಗುಡಿಸಲನ್ನು ನೋಡಿದಳು.

"ಅತ್ತೆ ಮಾತ್ರ ಏಳಲ್ಲ."

"ಏಳಲ್ಲ" ಎಂದ ಭೈರಪ್ಪ.

ಆಗ ಅತ್ತಳು. ಬಯಲಿಗೆ ಬಯಲೇ ಕೇಳುವಂತೆ, ಉಸಿರು ಸಿಗದಂತೆ ಅತ್ತಳು. ಅಳಬೇಡ ಎಂದು ಅವನು ಹೇಳಲಿಲ್ಲ. ಅತ್ತು ಮುಗಿಸಿ, ಅಪ್ಪನ ಅಂಗಿಯ ತೋಳಿಗೇ ಮೂಗು ಒರೆಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೆ ಸೂಜಿ ಆಗಿದ್ಯಾ?"

"ಕಾರ್ಖಾನೇಲಿ ಹಾಕಿದ್ರು. ಇನ್ನೊಂದು ಹಾಕಿದ್ರೂ ಬೇಡ ಅನ್ನಲ್ಲ."

"ಹಾಗಾದ್ರೆ ಮಲಕ್ಕೋ."

ಬದುಕಿರುವ ಮನುಷ್ಯ ಚಟ್ಟದ ಮೇಲೆ ಮಲಗುವುದೇ? ಭೈರಪ್ಪ ತಾಯಿಯ ಮುಖ ನೋಡಿದ. ಮಲಗಿದ. ಮಕ್ಕಳು ಓಡಿಬಂದು ಎತ್ತಲು ನೋಡಿದರು, ಚಟ್ಟ ಜಗ್ಗಲಿಲ್ಲ. "ನಿಮ್ಮಪ್ಪ ಬಲೇ ಭಾರ ಕಣೇ" ಎಂದ ವೀರ.

"ಅಲ್ಲೇ ಬಿಡ್ರೋ" ಎಂದು ಸರಸ್ವತಿ ಅಪ್ಪಣೆ ಕೊಟ್ಟಳು. ಕಡ್ಡಿ ಚುಚ್ಚಿದಳು, ಸ್ವಲ್ಪ ಜೋರಾಗಿಯೇ. "ಏಳಪ್ಪಾ."

ಭೈರಪ್ಪ ಎದ್ದ. ಮಕ್ಕಳು ಹೋ ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸರಸ್ವತಿ.

ಅವನು ಮೈಮೇಲಿನ ಮಣ್ಣು ಕೊಡವಿಕೊಳ್ಳುವುದರೊಳಗೆ ಹುಚ್ಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಹಿಡಿದುಕೊಂಡು ಚಟ್ಟದ ಹತ್ತಿರ ಬಂದು ನಿಂತಿದ್ದಳು.

"ಸರಿಯೋ ಅತ್ಲಾಗೆ" ಎಂದಳು ಮಗನಿಗೆ. "ನಂದೂ ಒಂದ್ಸಲ ಆಗ್ಲಿ."