ಹೊಸಿಲು ಒಪ್ಪದ ಮಗ

ಇದನ್ನು ಹೇಳುವ ಅರ್ಹತೆ ನನಗಿಲ್ಲ, ಕ್ಷಮಿಸಿ. ನಾನೂ ಯಹೂದಿಯೇ, ಆದರೆ ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಹೊರಗೆ ನಿಂತು ಬಾಗಿಲು ಕಾಯುವವನು. ನಮ್ಮಲ್ಲಿ ಯಹೂದಿತನ ತಾಯಿಯಿಂದ ಬರುವುದು; ಒಳಹೊಕ್ಕ ಗಂಡಸಿನ ತಾಯಿಯ ವಂಶ ಸರಿಯಿದ್ದರೆ ಹೊಸಿಲು ಒಂದು ದೀಪ ಹೊತ್ತಿಸುತ್ತದೆ. ಹತ್ತು ಉರಿದರಷ್ಟೇ ಸತ್ತವರಿಗಾಗಿ ಪ್ರಾರ್ಥನೆ.

ತಾಯಿಯನ್ನು ಮಣ್ಣು ಮಾಡಿ ಬಂದ ಹನೋಕ್ ಹತ್ತನೆಯವನಾಗಿ ಕಾಲಿಟ್ಟ. ಒಂಬತ್ತೇ ಉರಿದವು.

"ನಿಮ್ಮಮ್ಮ ನಮ್ಮ ಮತಕ್ಕೆ ಸೇರಿದ್ದು ಸುಧಾರಣಾ ಪಂಥದವರ ಹತ್ರ ಅಲ್ವೇನಪ್ಪಾ? ಹಳೇ ಸಂಪ್ರದಾಯದ ಈ ಹೊಸಿಲು ಅದನ್ನ ಒಪ್ಪಲ್ಲ," ಎಂದೆ.

"ಅವಳು ಮಾಡಿದ ಹಬ್ಬದ ರೊಟ್ಟಿ ಎಲ್ರೂ ತಿಂತಿದ್ರಲ್ಲ, ಆಗ ಒಪ್ಪಿಗೆಯಾಗಿತ್ತಾ?" ಹನೋಕ್ ನನ್ನ ಕೈ ಹಿಡಿದ. "ನೀವೇ ಒಳಗೆ ಬನ್ನಿ ಅಣ್ಣಾ. ಇನ್ನೊಬ್ರು ಸಾಕು."

ನಮ್ಮ ಅಮ್ಮನ ತಾಯಿ ಯಾರೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನನ್ನ ದೀಪ ಉರಿಯದಿದ್ದರೆ ತಂಗಿಗೆ ನಿಶ್ಚಯವಾಗಿದ್ದ ಮದುವೆ ಮುರಿಯುತ್ತಿತ್ತು. ಕೈ ಬಿಡಿಸಿಕೊಂಡೆ. ಹನೋಕ್ ಪ್ರಾರ್ಥನೆಯಿಲ್ಲದೆ ಹೋದ.

ತಂಗಿಯ ಮದುವೆಯಾಯಿತು. ನಾನು ದಾಟಿದ್ದರೆ ದೀಪ ಉರಿಯುತ್ತಿತ್ತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.