ಉಸಿರು ಕಲಿತ ದೈತ್ಯ

ಕರೆದವರ ಪರವಾಗಿ ಉಕ್ಕಿನ ದೈತ್ಯಯಂತ್ರವನ್ನು ಒಳಗೆ ಕೂತು ನಡೆಸಿ ಕಾದಾಡುವುದೇ ನನ್ನ ಕೂಲಿ ಕೆಲಸ. ನಾನೇ ತುಳಿದ ಒಂದು ಊರಲ್ಲಿ ಶಾವಂತ್ರಿ ಎಂಬ ಕೂಸು ಮಾತ್ರ ಉಳಿದಿತ್ತು. ಚಳಿಗೆ ಬೆಚ್ಚಗಿರಲಿ ಎಂದು ಏಳು ವರ್ಷ ಅವಳನ್ನು ದೈತ್ಯದೊಳಗೇ, ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ದೈತ್ಯ ತನ್ನ ಒಡೆಯನನ್ನು ಉಸಿರಿನಿಂದಲೇ ಗುರುತು ಹಿಡಿಯುತ್ತದೆ ಎಂಬುದು ಗೊತ್ತಿದ್ದೂ ಮರೆತೆ.

ಈ ಬೆಳಿಗ್ಗೆ ಅದು ನನ್ನ ಉಸಿರಿಗೆ ಏಳಲಿಲ್ಲ.

ದಂಡಿನ ಮೇಸ್ತ್ರಿ ಹೊನ್ನೂರಪ್ಪ ನಕ್ಕ. "ನಿನ್ನ ಉಸುರು ಹಳೇದಾತು ಮಾಮಾ. ಕೂಸಿನ್ನ ಕುಂಡ್ರಿಸು, ನೋಡೂನು."

"ಆಕಿಗಿನ್ನಾ ಹಾಲುಹಲ್ಲು ಪೂರಾ ಬಿದ್ದಿಲ್ಲೋ."

"ಅದು ಯಾರಿಗೆ ಏಳತೈತೋ ಅವರೇ ಯುದ್ಧಕ್ಕ. ಈ ರಿವಾಜು ನನಗ ಕಲಿಸಿದಾಂವ ನೀನ."

ಅಷ್ಟರಲ್ಲಿ ಶಾವಂತ್ರಿ ದೈತ್ಯದ ಏಣಿ ಹತ್ತಿ ಒಳಗೆ ಕೂತು, ಮೇಲಿಂದ ಇಣುಕಿದಳು. "ಅಪ್ಪಾ, ಇವತ್ತ ಯಾವ ಊರಿಗೆ?"

"ಇಳಿಯವ್ವಾ" ಎನ್ನುವಷ್ಟರಲ್ಲಿ ದೈತ್ಯ ಎದ್ದು ನಿಂತಿತು. ಅವಳ ಮುಖ ನನಗೆ ಕಾಣದಷ್ಟು ಎತ್ತರಕ್ಕೆ ಹೋಯಿತು.